ಕುಂಡಕ್ಕೆ ಹೊಲಿದ ಲಂಗ

ಬೇಡ ಎನ್ನುವ ಮಾತನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದರೆ ಆ ದಿನ ನಾನು ಶಾಲೆಗೆ ಚಕ್ಕರ್ ಹೊಡೆದಿರಬೇಕು. ಬೆಟಗೇರಿಯಲ್ಲಿ ಎಷ್ಟೋ ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದೇನೆ. "ಮಾಸ್ತರ, ನಾಳಿ ಮುಂಜಾನಿ ಮದುವಿ ಐತ್ರಿ, ಸಂಜಿ ಅನ್ನೂದರಾಗ ಜಂಪರ್ ಬೇಕು" ಎಂದು ಯಾರಾದರೂ ಬಂದು ನಿಂತರೆ, ಮನಸ್ಸು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಬಾಯಿ "ಆತು ಬಿಡ್ರಿ" ಅಂದುಬಿಟ್ಟಿರುತ್ತದೆ. ನಮ್ಮಜ್ಜ ಹೀಗಿರಲಿಲ್ಲ. ಅವನ ಬಳಿ ಯಾರಾದರೂ ಚಕ್ಕಡಿ ಕೇಳಲು ಬಂದರೆ ಮೊದಲು ಕೂರಿಸಿ ಚಹಾ ಕುಡಿಸುತ್ತಿದ್ದ. ಆಮೇಲೆ "ನಿನಗ ಕೊಡದ ಇನ್ಯಾರಿಗೆ ಕೊಡಲೆಪಾ? ಆದರ ಆ ಎಡಗಡಿ ಗಾಲಿ ನೋಡು, ಪಾಪ, ಅದರ ಹಾಡು ಯಾರ ಕೇಳ್ತಾರ" ಎಂದು ಗಾಲಿಯ ಕಷ್ಟಸುಖ ಶುರುಮಾಡುತ್ತಿದ್ದ. ಚಕ್ಕಡಿ ಕೇಳಲು ಬಂದವನು ಗಾಲಿಗೆ ಸಮಾಧಾನ ಹೇಳಿ ಎದ್ದು ಹೋಗುತ್ತಿದ್ದ. ಆ ವಿದ್ಯೆ ನಮ್ಮ ವಂಶದಲ್ಲಿ ಅಜ್ಜನಿಗೇ ಮುಗಿಯಿತು. ಅದು ಬಾರದೆ ನಾನು ಎಷ್ಟು ನಿದ್ದೆ ಕಳೆದುಕೊಂಡೆ ಎನ್ನುವುದು ಬೇರೆ ಮಾತು, ಒಂದು ಗಿಡದ ಜೀವವನ್ನೇ ಕಳೆಯುವುದರಲ್ಲಿದ್ದೆ.

ಆ ಗಿಡದ ಹೂವನ್ನು ನಾನು ಮೊದಲು ನೋಡಿದ್ದು ಒಂದು ಜಂಪರಿನ, ಅಂದರೆ ರವಿಕೆಯ, ಬಟ್ಟೆಯ ಮೇಲೆ. ಹುಲಕೋಟಿಯಲ್ಲಿ ಶಾಲೆ ಕಲಿಸುವ ಅಕ್ಕೋರೊಬ್ಬರು ಹೊಲಿಯಲು ಕೊಟ್ಟಿದ್ದರು. ನಡುವೆ ಕಂದು ಬಣ್ಣದ, ಮುಳ್ಳುಮುಳ್ಳಾದ ಒಂದು ಗುಬುಟು. ಅದರ ಸುತ್ತ ತಿಳಿ ನೇರಳೆ ಎಸಳುಗಳು ಕೆಳಮುಖವಾಗಿ ಜೋತುಬಿದ್ದಿವೆ. "ಅಕ್ಕೋರ, ಈ ಚಿತ್ರಾ ತಗದಾಂವಗ ಹೂವಂದ್ರ ಏನಂತ ಗೊತ್ತಿಲ್ಲ ಕಾಣಸ್ತೈತ್ರಿ. ಎಸಳೆಲ್ಲಾ ಸೋತ ಬಿದ್ದಾವ" ಎಂದೆ. ಅವರು ನಕ್ಕು, "ಸೋತಿಲ್ಲ ಮಾಸ್ತರ, ಅದು ಇರೂದ ಹಂಗ. ಕೋನ್‌ಫ್ಲವರ್ ಅಂತಾರ. ನಮ್ಮನಿ ಕುಂಡದಾಗ ಬೆಳಸೇನಿ, ಬೇಕೇನು?" ಎಂದರು. ಬೇಕೇ ಎಂದು ಕೇಳಿದರೆ ನನ್ನ ಉತ್ತರ ಏನಿರುತ್ತದೆ ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಜಂಪರ್ ಒಯ್ಯಲು ಬಂದ ದಿನ ಮೂರು ಸಸಿ ತಂದುಕೊಟ್ಟು, "ಬಿಸಲಿಗೆ ಇಡ್ರಿ, ಮಣ್ಣು ಸಡಲ ಇರ್ಲಿ, ನೀರು ಕಮ್ಮಿ ಹಾಕ್ರಿ. ಹೆಚ್ಚಾದ್ರ ಬೇರು ಕೊಳೀತಾವ" ಎಂದು ಹೇಳಿದರು. ನನಗೆ ಒಳಗೊಳಗೇ ನಗು. ಎಂಟು ದಿನಕ್ಕೊಮ್ಮೆ, ಮುನಿಸಿಕೊಂಡರೆ ಹನ್ನೆರಡು ದಿನಕ್ಕೊಮ್ಮೆ ನಳ ಬರುವ ಊರಿನವನಿಗೆ ನೀರು ಕಮ್ಮಿ ಹಾಕು ಎಂದು ಬೇರೆಯವರು ಹೇಳಿಕೊಡಬೇಕೆ?

ಮೊದಲನೆಯ ಸಸಿ ನನ್ನ ಅಭಿಮಾನಕ್ಕೆ ಬಲಿಯಾಯಿತು. ಮುಳಗುಂದದಲ್ಲಿರುವ ನನ್ನ ಭಾವನ ಹೊಲದಿಂದ ಒಂದು ಚೀಲ ಕಪ್ಪು ಎರೆಮಣ್ಣು ತಂದು ಕುಂಡ ತುಂಬಿದ್ದೆ. ಎರೆಮಣ್ಣೆಂದರೆ ನಮ್ಮ ಕಡೆಯವರಿಗೆ ಮೀಸೆಯ ಮೇಲೆ ಕೈ ಹೋಗುತ್ತದೆ, ಅದಕ್ಕಿಂತ ಒಳ್ಳೆಯ ಮಣ್ಣು ಭೂಮಿಯ ಮೇಲೆ ಉಂಟೆಂದು ಯಾರೂ ಒಪ್ಪುವುದಿಲ್ಲ. ಆದರೆ ಆ ಮಣ್ಣು ಕುಂಡದೊಳಗೆ ಕೂತು ನೀರು ಕುಡಿದು ನಾದಿದ ಹಿಟ್ಟಿನಂತಾಯಿತು. ಸಸಿ ಅದರಲ್ಲಿ ಉಸಿರುಗಟ್ಟಿ ತಿಂಗಳೊಳಗೆ ಹೋಯಿತು. ಅಕ್ಕೋರಿಗೆ ಫೋನು ಮಾಡಿದರೆ, "ಅದು ಜ್ವಾಳಾ ಬೆಳಿಯೂ ಮಣ್ಣು ಮಾಸ್ತರ. ಕೆಂಪು ಮಸಾರಿ ಮಣ್ಣಿಗೆ ಉಸುಕು ಕೂಡಸ್ರಿ, ಮುಷ್ಟಿ ಗೊಬ್ಬರ ಹಾಕ್ರಿ, ಕುಂಡದ ಬುಡಕ್ಕ ಮೂರು ತೂತು ಹೊಡೀರಿ, ಕೆಳಗ ಎರಡು ಇಟ್ಟಂಗಿ ಇಡ್ರಿ. ಮಣ್ಣಾಗ ಬಟ್ಟು ಹಾಕಿ ನೋಡ್ರಿ, ಹಸಿ ಹತ್ತಿದ್ರ ನೀರ ಮುಟ್ಟಬ್ಯಾಡ್ರಿ" ಎಂದರು. ಉಳಿದ ಎರಡು ಸಸಿಗೆ ಹಾಗೇ ಮಾಡಿದೆ. ಒರಟು ಒರಟಾದ ಎಲೆ ಬಿಟ್ಟು ಎರಡೂ ದಷ್ಟಪುಷ್ಟವಾದವು. ದಿನಾ ಮುಂಜಾನೆ ಮಾಳಿಗೆ ಹತ್ತಿ ಬೆರಳು ಚುಚ್ಚಿ ನೋಡುತ್ತಿದ್ದೆ. ಹೆಂಡತಿ ಗಿರಿಜಾ, "ನಾಡಿ ಹಿಡದ ನೋಡೂ ಡಾಕ್ಟರ್ ಬಂದ್ರು" ಎಂದು ಕೆಳಗಿನಿಂದಲೇ ಕೂಗುತ್ತಿದ್ದಳು.

ಆದರೆ ಎಂಟ್ಹತ್ತು ದಿನಕ್ಕೊಮ್ಮೆ ಏನೋ ಆಗುತ್ತಿತ್ತು. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ತಲೆ ತಗ್ಗಿಸಿ ನಿಲ್ಲುತ್ತಿತ್ತು, ಎಲೆ ಹಳದಿಯಾಗುತ್ತಿತ್ತು. ಬೆರಳಿಗೆ ಹಸಿ ಹತ್ತಿದರೂ ನಾನೇ ಹಾಕಿದ ನೀರೆಂದುಕೊಂಡೆ. ಇಲಿ ಎಂದೆ, ಮಂಗ ಎಂದೆ, ಕೊನೆಗೆ ದೃಷ್ಟಿ ಎಂದು ಕುಂಡಕ್ಕೆ ಕರಿದಾರವನ್ನೂ ಕಟ್ಟಿದೆ. ಒಂದು ದಿನ ಎರಡನೆಯ ಗಿಡವನ್ನು ಮುಟ್ಟಿದರೆ ಕಾಂಡ ಬುಡದಲ್ಲಿ ಕಪ್ಪಾಗಿ ಮೆತ್ತಗೆ ಕೈಗೆ ಬಂತು. ಮೇಲೆ ಬಂದ ಗಿರಿಜಾ ಆ ಕಾಂಡವನ್ನು ನನ್ನ ಕೈಯಿಂದ ತೆಗೆದಿಟ್ಟಳು. ಆಮೇಲೆ, "ಇದೊಂದ ಉಳದೈತಿ. ಇದೂ ಹೋತಂದ್ರ ಮಾಳಗಿ ಮ್ಯಾಲೆ ಇನ್ನೊಂದ ಕುಂಡಾ ಏರಸಬಾರದ ನೋಡ್ರಿ. ನೀವು ಹಚ್ಚೂದು, ಅದು ಸಾಯೂದು, ನೀವು ಊಟಾ ಬಿಡೂದು, ನನಗ ನೋಡಾಕ ಆಗೂದಿಲ್ಲ" ಎಂದಳು. ಗದರಿಸಿದ್ದರೆ ವಾದ ಮಾಡುತ್ತಿದ್ದೆ. ಅವಳ ಕಣ್ಣು ಒದ್ದೆಯಾಗಿತ್ತು, ಹಾಗಾಗಿ "ಆತು" ಎಂದೆ. ಆ ಉಳಿದ ಗಿಡದ ನೆತ್ತಿಯಲ್ಲಿ ಆಗಷ್ಟೇ ಒಂದು ಮೊಗ್ಗು, ಹಸಿರು ಗುಂಡಿಯ ಹಾಗೆ, ಮೂಡಿತ್ತು.

ಮುಂದಿನ ಸಲ ನಳ ಬಂದ ದಿನ ಅಂಗಡಿಯಲ್ಲಿ ಕರೆಂಟು ಹೋಗಿ ಕತ್ತಲಾಯಿತೆಂದು ಬೇಗ ಮನೆಗೆ ಬಂದು ಮಾಳಿಗೆ ಹತ್ತಿ ಮೂಲೆಯ ನೆರಳಿಗೆ ಕೂತೆ. ನಳ ಬಂದ ದಿನ ನಮ್ಮೂರಿನ ಪ್ರತಿ ಮನೆಯಲ್ಲೂ ಒಂದು ರೂಢಿ ಇದೆ. ಹೊಸ ನೀರು ಬಂತೆಂದರೆ ಡ್ರಮ್ಮು, ಹಂಡೆ, ಕೊಡಗಳಲ್ಲಿ ಉಳಿದ ಹಳೆಯ ನೀರನ್ನು ತೆಗೆದು, ಪಾತ್ರೆ ಬೆಳಗಿ ಮತ್ತೆ ತುಂಬಬೇಕು. ಆದರೆ ಎಂಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ನೀರನ್ನು ಗಟಾರಕ್ಕೆ ಚೆಲ್ಲಲು ಯಾವ ಹೆಣ್ಣುಮಗಳಿಗೂ ಕೈ ಬರುವುದಿಲ್ಲ. ನನ್ನ ಕಣ್ಣೆದುರಿಗೇ ಗಿರಿಜಾ ಒಂದು ಬಕೀಟು ತಂದು ನನ್ನ ಕುಂಡಕ್ಕೆ ಸುರಿದು ಇಳಿದುಹೋದಳು. ಅವಳ ಬೆನ್ನು ಮರೆಯಾಗುವಷ್ಟರಲ್ಲಿ ಪಕ್ಕದ ಮನೆಯ ಖಾತೂನಬಿ ನಡುವಿನ ಗಿಡ್ಡ ಗೋಡೆ ದಾಟಿ ಬಂದು ಒಂದು ಕೊಡ ಬಗ್ಗಿಸಿದಳು. ಇವಳು ನನ್ನ ಅಂಗಡಿಯ ಜಂಪರ್‌ಗಳಿಗೆ ಹುಕ್ಕು ಹಚ್ಚಿ ಹೆಮ್ಮಿಂಗ್ ಮಾಡಿಕೊಡುವವಳು. ಆಮೇಲೆ ನಮ್ಮ ಮಾಳಿಗೆಗೆ ಬಿಸಿಲು ಕಾಯಿಸಿಕೊಳ್ಳಲು ಬಂದ ಹಿಂದಿನ ಮನೆಯ ಬಸಪ್ಪಜ್ಜ ತನ್ನ ತಂಬಿಗೆಯನ್ನೂ ಬೋರಲು ಹಾಕಿ "ಕುಡಿ, ಕುಡಿ" ಎಂದು ಗಿಡಕ್ಕೆ ಹೇಳಿದ. ಗಿಡಕ್ಕೆ ನೀರು ಹಾಕುತ್ತಿರುವುದು ತಾವೊಬ್ಬರೇ ಎಂದು ಮೂವರಿಗೂ ಸಮಾಧಾನ. ಇಲಿಯೂ ಅಲ್ಲ, ಮಂಗವೂ ಅಲ್ಲ, ನನ್ನ ಗಿಡವನ್ನು ಪ್ರೀತಿ ಕೊಲ್ಲುತ್ತಿತ್ತು.

ಗಿರಿಜಾಗೆ ಹೇಳುವುದು ಸುಲಭವಿತ್ತು. "ಮೊದಲ ಹೇಳಾಕ ಬಾಯಿಗೆ ಏನಾಗಿತ್ತು?" ಎಂದಳು, ಅಲ್ಲಿಗೆ ಮುಗಿಯಿತು. "ಆದರ ಆ ಇಬ್ಬರಿಗೆ ನಾ ಹೇಳಾಕಿ ಅಲ್ಲ" ಎಂದೂ ಸೇರಿಸಿದಳು. ಬಸಪ್ಪಜ್ಜನ ಹತ್ತಿರ ಹೋಗಿ, ಈ ಗಿಡ ಜಾಸ್ತಿ ನೀರು ಒಲ್ಲೆ ಅನ್ನುತ್ತದೆ ಎಂದೆ. "ಒಲ್ಲೆ ಅಂತೈತಿ? ಏಕಾದಶಿ ಹಿಡದೈತೇನಲೇ? ನನ್ನ ಇಷ್ಟ ವಯಸ್ಸಿನಾಗ ನೀರ ಒಲ್ಲೆ ಅನ್ನೂ ಗಿಡಾ ಕಂಡಿಲ್ಲ" ಎಂದು ಅವನು ನನ್ನ ಹಣೆ ಮುಟ್ಟಿ ನೋಡಿದ. ಖಾತೂನಬಿಯ ಹತ್ತಿರ ಇನ್ನೂ ಕಷ್ಟವಾಯಿತು. "ಖಾತೂನಕ್ಕ, ಈ ಗಿಡಕ್ಕ ನೀರು…" ಎಂದು ತಡವರಿಸಿದೆ. ಅವಳು ಕೊಡ ಸೊಂಟದ ಮೇಲಿಟ್ಟುಕೊಂಡೇ ನಿಂತು, ಅರ್ಧ ನಗುತ್ತ, "ಯಾಕ್ರಿ ಮಾಸ್ತರ, ನಮ್ಮ ನೀರು ಬ್ಯಾಡಾತೇನು?" ಎಂದಳು. ಆ ಇನ್ನರ್ಧ ನಗಲಿಲ್ಲ. ಈ ಗಿಡ್ಡ ಗೋಡೆಯ ಮೇಲಿಂದ ಅವರ ರಂಜಾನಿನ ಸುರಕುಂಬಾ ಪಾಯಸ ನಮಗೆ ಬರುತ್ತದೆ, ನಮ್ಮ ಪಂಚಮಿಯ ಉಂಡಿ ಅವರಿಗೆ ಹೋಗುತ್ತದೆ. ಒಂದು ಕುಂಡದ ಸಲುವಾಗಿ ಅಂಥ ಮಾತು ನನ್ನಿಂದ ಅವಳ ಕಿವಿಗೆ ಹೋಗಬೇಕೆ? "ಛೇ, ಛೇ! ಹಾಕ್ರಿ ಅಕ್ಕ, ಇನ್ನೊಂದ ಕೊಡ ಇದ್ರೂ ಹಾಕ್ರಿ" ಎಂದಿತು ನನ್ನ ಬಾಯಿ. ಅವಳು ಸಂತೋಷದಿಂದ ಹೋಗಿ ಇನ್ನೊಂದು ಕೊಡ ತಂದಳು.

ಆ ಸಂಜೆ ಕುಂಡ ಓರೆ ಮಾಡಿ ನೀರು ಬಸಿಯುತ್ತ ಕೂತಾಗ ಹೊಳೆಯಿತು. ಮಾತಾಡಲು ಬಾರದಿದ್ದರೇನು, ಹೊಲಿಯಲು ಬರುತ್ತದಲ್ಲ! ಯಾರದೋ ರೇನ್‌ಕೋಟ್ ಹೊಲಿದು ಉಳಿದ ಬಟ್ಟೆ ಅಂಗಡಿಯಲ್ಲಿತ್ತು. ಗಿಡಕ್ಕೆ ಟೇಪು ಹಿಡಿದೆ. ಸೊಂಟ ಎರಡಿಂಚು, ಕೆಳಗಿನ ಸುತ್ತಳತೆ, ಅಂದರೆ ಘೇರು, ನಲವತ್ತು. ಮೇಲೆ ಲಾಡಿ, ಹಿಂದೆ ಹುಕ್ಕು. ಮಣ್ಣನ್ನು ಮುಚ್ಚಿ ಕುಂಡದ ಸುತ್ತ ಇಳಿಬಿದ್ದ ಆ ಲಂಗದ ಮೇಲೆ ಎಷ್ಟು ಸುರಿದರೂ ನೀರು ಹೊರಗೇ ಜಾರಿ, ಮಾಳಿಗೆಯ ಹರನಾಳದಿಂದ ಕೆಳಗಿನ ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ನನಗೆ ಬೇಕಾದಾಗ ಲಾಡಿ ಬಿಚ್ಚಿ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಒಂದು ಸಣ್ಣ ಚರಿಗೆ ನೀರು ಹಾಕುತ್ತಿದ್ದೆ. ಗಿರಿಜಾ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಗಿಡಕ್ಕ ಲಂಗಾ ಹೊಲಿಯಾಕ ಪುರಸತ್ತೈತಿ. ನನ್ನ ಜಂಪರ್ ಕತ್ತರಿಸಿಟ್ಟ ಮೂರ ತಿಂಗಳಾತು" ಎಂದಳು. ನಾನು ಲಾಡಿಯ ಗಂಟು ಬಿಗಿಮಾಡಿದೆ. ಬಿಸಿಲಿಗೆ ಬೇರು ಸುಡಬಾರದೆಂದು ಲಂಗ ಹಾಕಿದ್ದೇನೆ ಎಂದು ಅಜ್ಜನಿಗೂ ಖಾತೂನಬಿಗೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ನಳ ಮೂರು ಸಲ ಬಂದು ಹೋಯಿತು. ಇಬ್ಬರೂ ತಪ್ಪದೆ ಸುರಿದರು. ಗಿಡ ಮತ್ತೆ ಹಸಿರಾಯಿತು, ಮೊಗ್ಗು ಅಗಲವಾಯಿತು, ಅದರ ಅಂಚಿಗೆ ಸಣ್ಣ ಸಣ್ಣ ನಾಲಿಗೆಯಂಥ ಎಸಳು ಹೊರಟು ದಿನಕ್ಕೊಂದಿಷ್ಟು ಬಣ್ಣ ಏರಿಸಿಕೊಂಡವು. ನಾಲ್ಕನೆಯ ಸಲ ನಳ ಬಂದ ಮುಂಜಾನೆ ಮೇಲೆ ಹೋದರೆ ಹೂವು ಪೂರ್ತಿ ಅರಳಿ ನಿಂತಿತ್ತು. ನಡುವಿನ ಗುಬುಟು ಕೆಂಡದ ಬಣ್ಣ, ಸುತ್ತ ನೇರಳೆ ಎಸಳುಗಳ ಘೇರು. ಬಟ್ಟೆಯ ಮೇಲೆ ಚಿತ್ರ ತೆಗೆದವನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಗಿರಿಜಾ ಹೂವಿಗಿಂತ ಹೆಚ್ಚು ನನ್ನ ಮುಖವನ್ನೇ ನೋಡಿದಳು, ಖಾತೂನಬಿಯನ್ನೂ ಅಜ್ಜನನ್ನೂ ಅವಳೇ ಕೂಗಿದಳು.

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದ. "ಎಸಳ ಜೋತ ಬಿದ್ದಾವಲ್ಲಪಾ" ಎನ್ನುತ್ತ ತಂಬಿಗೆ ಎತ್ತಿದ. ಆ ಹೊತ್ತಿಗೆ ಹೂವನ್ನು ಹತ್ತಿರದಿಂದ ತೋರಿಸಲೆಂದು ನಾನು ಲಾಡಿ ಸಡಿಲಿಸಿದ್ದೆ. "ಬ್ಯಾಡಜ್ಜಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಅಜ್ಜ ತಂಬಿಗೆ ಹಿಡಿದೇ ನಿಂತ. "ಯಾಕ ಒದರತೀಯಲೇ? ಹೆಂಗೂ ಕರಿಬೇವಿಗೆ ಹೋಗೂ ನೀರು" ಎಂದ.

ನಾನು ಖಾತೂನಬಿಯ ಕಡೆ ನೋಡಿದೆ. ಅವಳು ಆಗಲೇ ಬಗ್ಗಿ ನನ್ನ ಹೊಲಿಗೆ ಪರೀಕ್ಷಿಸುತ್ತಿದ್ದಳು. "ಮೊದಲನೇ ದಿನಾನ ಗೊತ್ತಾತ್ರಿ ಮಾಸ್ತರ. ಹಾಕಿದ ಕೊಡ ನೀರೆಲ್ಲಾ ನನ್ನ ಕಾಲ ಮ್ಯಾಲೆ ಬಂತು. ಅಜ್ಜನ ಧೋತರಾನೂ ತೋಯ್ತು. ಇಷ್ಟ ಕಷ್ಟಪಟ್ಟ ಹೊಲದಾರ, ತಿಳೀತು ಅಂದ್ರ ನಾಚಿಕೊಳ್ತಾರ, ನಾವು ಸುಮ್ನ ಹಾಕೂಣು ಅಂತ ಇಬ್ಬರೂ ಮಾತಾಡಿಕೊಂಡ್ವಿ" ಎಂದಳು. ಆಮೇಲೆ, "ಬಾಯಿ ಬಿಟ್ಟ ಹೇಳಿದ್ರ ನಾವೇನ ಜಗಳಾ ತಗೀತಿದ್ವ್ಯಾ? ಹುಕ್ಕರ ನನಗ ಕೊಟ್ಟಿದ್ರ ನೆಟ್ಟಗ ಹಚ್ಚಿಕೊಡ್ತಿದ್ದೆ" ಎಂದು ಗದರಿದಳು. ಈ ಸಲ ಪೂರ್ತಿ ನಗುತ್ತಿದ್ದಳು.

ಆಮೇಲೆ ಬಾಯಿಬಿಟ್ಟು ಎಲ್ಲ ಹೇಳಿದೆ. ಬೆರಳು ಚುಚ್ಚುವುದನ್ನು ಇಬ್ಬರಿಗೂ ಕಲಿಸಿದೆ. ಅಜ್ಜ ಚುಚ್ಚಿ ನೋಡಿ, "ಒಣಾ ಐತಿ, ಒಂದು ಚರಿಗಿ ಹಾಕಬೌದು" ಎಂದು ತೀರ್ಪು ಕೊಟ್ಟ. ಖಾತೂನಬಿ ಅಳೆದು ಒಂದೇ ಚರಿಗೆ ಹಾಕಿದಳು, ಕೊಡದಲ್ಲಿ ಉಳಿದದ್ದನ್ನು ತಾನೇ ಒಯ್ದು ಕರಿಬೇವಿಗೆ ಸುರಿದಳು. ಮಾತಾಡುತ್ತ ಎಲ್ಲರೂ ಕೆಳಗಿಳಿದರು. ನಾನೊಬ್ಬನೇ ನಿಂತು ಹೂವನ್ನು ನೋಡಿದೆ. ಬಿಸಿಲು ಏರುತ್ತಿತ್ತು. ಇಷ್ಟು ದೊಡ್ಡ ಹೂವು, ಒಂದೇ ಒಂದು ಚರಿಗೆ ನೀರು, ಪಾಪ ಅನಿಸಿತು. ಮೆಟ್ಟಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನರ್ಧ ಚರಿಗೆ ನಾನೇ ಹಾಕಿದೆ.