ಅಕ್ಕನ ಜೇನು, ನನ್ನ ಮೂವತ್ತು ಹೆಜ್ಜೆ

ನಮ್ಮಕ್ಕನನ್ನು ಬೈಯದೆ ನನಗೆ ಒಂದು ದಿನವೂ ಕಾಫಿ ರುಚಿಸಿದ್ದಿಲ್ಲ. ನೀವೇ ಹೇಳಿ, ಜಕ್ಕೂರಿನಲ್ಲಿ ತಲೆಯ ಮೇಲೆ ದಿನವಿಡೀ ಪುಟ್ಟ ವಿಮಾನಗಳು ಗುಂಯ್‌ಗುಡುತ್ತಿರುವಾಗ, ಅದು ಸಾಲದೆಂದು ಕಾಂಪೌಂಡ್ ಗೋಡೆಯ ಪಕ್ಕ ಎಂಟು ಜೇನುಪೆಟ್ಟಿಗೆ ಸಾಲಾಗಿ ಇಟ್ಟುಕೊಳ್ಳುವವರು ಯಾರಾದರೂ ಇದ್ದಾರೆಯೇ? ನಮ್ಮ ಮನೆಯಲ್ಲಿದ್ದಾಳೆ!

ಮನುಷ್ಯರಿಗಿಲ್ಲದ ಮರ್ಯಾದೆ ಆ ಹುಳುಗಳಿಗೆ. ಯುಗಾದಿಗೆ ನನ್ನ ಭಾಮೈದ ಸೆಂಟು ಪೂಸಿಕೊಂಡು ಬಂದರೆ, ಬಾಗಿಲಲ್ಲೇ ಅವನ ಕೈಗೆ ಬಟ್ಟೆ ಸೋಪು ಕೊಟ್ಟಳು.

"ಮೊದ್ಲು ಕತ್ತು ತೊಳ್ಕೊಂಡ್ ಬಾಪ್ಪಾ. ಈ ವಾಸ್ನೆಗೆ ಹುಳ ರೇಗ್ತವೆ."

"ನಾನೇನ್ ಹುಳ ನೋಡಕ್ ಬಂದಿದೀನಾ ಅಕ್ಕಾ? ಒಬ್ಬಟ್ಟು ತಿನ್ನಕ್ ಬಂದೆ."

"ಅವು ನಿನ್ನ ನೋಡಕ್ ಬರ್ತವಲ್ಲಪ್ಪಾ, ಅದುಕ್ಕೇ!"

ಇವಳೊಬ್ಬಳಿಗೇ ಹುಚ್ಚಿದ್ದರೆ ಬಿಡಿ. ಪಿಯುಸಿ ಆದ ಮೇಲೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಕೋಗಿಲು ಊರಿನ ನಾಲ್ಕು ಹುಡುಗಿಯರಿಗೂ ಅಂಟಿಸಿದಳು. ಜೇನುತುಪ್ಪ ಮಾರಬಹುದಂತೆ, ಹೂವು ಕಾಯಿ ಕಚ್ಚಲೆಂದು ತೋಟದವರಿಗೆ ಪೆಟ್ಟಿಗೆ ಬಾಡಿಗೆ ಕೊಡಬಹುದಂತೆ, ಬಿಲ್ಡಿಂಗಿನಲ್ಲಿ ಕಟ್ಟಿದ ಜೇನನ್ನು ಸಾಯಿಸದೆ ಬಿಡಿಸಬಹುದಂತೆ. ಕಲಿತು ಮುಗಿದ ಮೇಲೆ ತಲೆಗೊಂದು ಪೆಟ್ಟಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಳು. ಸಹಾಯ ಕೇಳಲು ಒಂದು ಸರ್ಕಾರಿ ಕಚೇರಿಗೂ ಹೋದಳು.

"ನಿರುದ್ಯೋಗಿಗಳಿಗೆ ಅಂದ್ರೆ ಕಂಪ್ಯೂಟರ್ ಕೋರ್ಸ್ ಕಣಮ್ಮಾ. ಇದ್ರಲ್ಲಿ ಹುಳ ಎಲ್ಲಿ ಬರುತ್ತೆ?" ಎಂದರಂತೆ ಅಲ್ಲಿಯ ಸಾಹೇಬರು.

"ಹುಳ ಬರ್ದಿದ್ರೆ ನಿಮ್ ಟಿಫನ್ ಬಾಕ್ಸಿಗೆ ಸೌತೆಕಾಯಿ ಎಲ್ಲಿಂದ ಬರುತ್ತೆ ಸಾ?" ಎಂದು ಕೇಳಿ ಬಂದಳು. ಸಹಾಯ ಮಾತ್ರ ಬರಲಿಲ್ಲ.

ಇನ್ನು ಎದುರಿನ ಅಪಾರ್ಟ್‌ಮೆಂಟು. ಅದು ನಿಂತಿರುವುದು ನಮ್ಮ ಹಳೆಯ ಮನೆ ಇದ್ದ ಜಾಗದಲ್ಲಿ. ಮಾರೋಣವೆಂದು ಕುಣಿದವನು ನಾನೇ. ಅಕ್ಕ ಕಣ್ಣೀರು ಹಾಕಿದಾಗ, "ರಸ್ತೆ ದಾಟಿದ್ರಾಯ್ತು, ಮೂವತ್ತು ಹೆಜ್ಜೆ ತಾನೆ?" ಎಂದಿದ್ದೆ. ಈಗಲೂ ಮಾರ್ಕೆಟ್‌ನಿಂದ ಬರುವಾಗ ಅವಳ ಕಾಲು ನೇರವಾಗಿ ಆ ಗೇಟಿಗೇ ಹೋಗುತ್ತದೆ. "ಯಾವ್ ಫ್ಲ್ಯಾಟ್ ಅಮ್ಮಾ?" ಎನ್ನುತ್ತಾನೆ ವಾಚ್‌ಮನ್. ಇವಳು ಸೊಪ್ಪಿನ ಚೀಲ ಹಿಡಿದು ಅಲ್ಲೇ ನಿಲ್ಲುತ್ತಾಳೆ. ಇದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವನು ನಾನು.

ಒಂದು ದಿನ ಅಲ್ಲಿಯ ಸೆಕ್ರೆಟರಿ ಬಂದು, "ನಿಮ್ಮ ಜೇನುಹುಳ ನಮ್ಮ ಸ್ವಿಮ್ಮಿಂಗ್ ಪೂಲಿಗೆ ಬರ್ತಿವೆ" ಎಂದರು.

"ನಮ್ಮವೇ ಅಂತ ಹೆಂಗ್ ಗೊತ್ತಾಯ್ತು? ನಂಬರ್ ಪ್ಲೇಟ್ ನೋಡಿದ್ರಾ?" ಎಂದಳು ಅಕ್ಕ.

ಆ ದಿನ ನನಗೂ ಮೈಯೆಲ್ಲ ಉರಿಯಿತು. ಜೇನುತುಪ್ಪ ಬೇಕು, ಜೇನು ಬೇಡ! ಹಾಲು ಬೇಕು, ಸಗಣಿ ಬೇಡ! ನಮ್ಮ ನೆಲದಲ್ಲಿ ಗುಂಡಿ ತೋಡಿ ನೀರು ತುಂಬಿಸಿ, ಒಂದು ಹುಳು ಬಾಯಿ ಇಟ್ಟರೆ ದೂರು! ಇವರೆಂಥ ಜನ?

ಹೀಗೆ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ಕೂಗಾಡಿದ ನಾನು ಮಾಡಿದ್ದೇನು ಗೊತ್ತೇ? ಆ ಅಪಾರ್ಟ್‌ಮೆಂಟಿಗೆ ಹಾಲು ಹಾಕುವವನು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬೇರೆ ಕಸುಬು ಗೊತ್ತಿಲ್ಲ. ಮಾರನೆಯ ದಿನ ಸೆಕ್ರೆಟರಿ, "ಪೆಟ್ಟಿಗೆ ಅಲ್ಲಿಂದ ತೆಗೀರಿ, ಇಲ್ಲಾಂದ್ರೆ ಬೇರೆ ಹಾಲಿನವ್ರನ್ನ ನೋಡ್ತೀವಿ" ಎಂದರು. ನನ್ನ ಬಾಯಿಂದ ಬಂದದ್ದು ಎರಡೇ ಮಾತು: "ಆಯ್ತು ಸಾ."

ಅಂದೇ ಅಕ್ಕ ಹುಡುಗಿಯರನ್ನು ಕರೆದುಕೊಂಡು ಹೊಸ ಪೆಟ್ಟಿಗೆ ಮಾಡಿಸಲು ಯಲಹಂಕಕ್ಕೆ ಹೋಗಿದ್ದಳು. ನಾನು ಹೆಲ್ಮೆಟ್ಟಿನ ಮೇಲೆ ಸೊಳ್ಳೆಪರದೆ ಸುತ್ತಿಕೊಂಡು, ನಡುಮಧ್ಯಾಹ್ನ ಎಂಟೂ ಪೆಟ್ಟಿಗೆಗಳನ್ನು ಅಡ್ಡಡ್ಡ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಹೊತ್ತೆ. ಪೆಟ್ಟಿಗೆಯನ್ನು ಒಂದು ಗೇಣೂ ಕದಲಿಸಬಾರದೆಂದು ಅಕ್ಕ ನೂರು ಸಲ ಹೇಳಿದ್ದಳು. ಅವಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಅದೇ ಕಾಂಪೌಂಡು, ಮೂವತ್ತು ಹೆಜ್ಜೆ ತಾನೆ?

ನಾಲ್ಕು ಗಂಟೆಯ ಹೊತ್ತಿಗೆ, ಹೊರಗೆ ಹೋಗಿದ್ದ ಹುಳುಗಳು ಹಿಂತಿರುಗತೊಡಗಿದವು. ಎಲ್ಲವೂ ಹಳೆಯ ಜಾಗಕ್ಕೇ! ಪೆಟ್ಟಿಗೆಯೇ ಇಲ್ಲದ ಕಡೆ ಗಾಳಿಯಲ್ಲಿ ಬಾಗಿಲು ಹುಡುಕಿದವು. ಐದಕ್ಕೆ ಮಳೆ ಹೊಡೆಯಿತು. ಒದ್ದೆಯಾದವು ಗೋಡೆಯ ಬುಡದಲ್ಲಿ ಉದುರಿದವು.

ಅಕ್ಕ ಬಂದು ನೋಡಿದಳು. ಒಂದು ಪೆಟ್ಟಿಗೆ ತಂದು ಹಳೆಯ ಜಾಗದಲ್ಲಿಟ್ಟು, ಹುಡುಗಿಯರ ಜೊತೆ ಕೂತು, ಜೀವ ಇದ್ದವನ್ನು ಎಲೆಯ ಮೇಲೆ ಎತ್ತಿ ಎತ್ತಿ ಅದರ ಬಾಗಿಲಿಗೆ ಬಿಟ್ಟಳು.

"ಇಷ್ಟು ಹತ್ರಕ್ಕೇ ಇವುಕ್ಕೆ ದಾರಿ ತಪ್ಪೋಯ್ತಾ?" ಎಂದೆ.

"ದೂರ ತಗೊಂಡೋದ್ರೆ ಹೊಸ ಜಾಗ ಕಲ್ತ್ಕೊಳ್ತವೆ ಕಣೋ. ಹತ್ರ ಇಟ್ರೆ ಹಳೇದೇ ಹುಡುಕ್ತವೆ."

ನಾನು ಅಡ್ಡ ಹಿಡಿದದ್ದಕ್ಕೆ ಒಳಗಿನ ಮೇಣದ ಎರಿಗಳು ಮುರಿದಿದ್ದವು. ವಾರದಲ್ಲಿ ನಾಲ್ಕು ಪೆಟ್ಟಿಗೆಯ ಹುಳುಗಳು ಗೂಡು ಬಿಟ್ಟು ಎದ್ದುಹೋದವು. ಉಳಿದದ್ದು ನಾಲ್ಕೇ. ಅವನ್ನು ಅಕ್ಕ ಹುಡುಗಿಯರಿಗೆ ಕೊಟ್ಟುಬಿಟ್ಟಳು!

"ನಿಮಗೇ ಇಲ್ವಲ್ಲ ಆಂಟಿ, ನಮಗ್ ಬೇಡ" ಎಂದಳು ಒಬ್ಬಳು.

"ಹೋಗ್ರೇ, ನನಗೆ ಮತ್ತೆ ಹಿಡಿಯಕ್ ಬರುತ್ತೆ. ಕೋಗಿಲು ದೂರ ಐತೆ, ಅಲ್ಲಿ ಚೆನ್ನಾಗಿರ್ತವೆ."

ಈಗ ನಮ್ಮ ಕಾಂಪೌಂಡು ಖಾಲಿ. ಸೆಕ್ರೆಟರಿ ನನ್ನನ್ನು ಹೊಗಳಿದರು. ಬೇರೆ ಹಾಲಿನವನನ್ನು ನೋಡಿಕೊಳ್ಳಿ ಎಂದು ನಾನೇ ಹೇಳಿ ಬಂದೆ. ಅದರಿಂದ ಒಂದು ಹುಳುವೂ ವಾಪಸು ಬರಲಿಲ್ಲ, ಬಿಡಿ.

ನಿನ್ನೆ ಸಂಜೆ ಅಕ್ಕ ಮತ್ತೆ ಆ ಗೇಟಿನ ಮುಂದೆ ನಿಂತಿದ್ದಳು. "ಯಾವ್ ಫ್ಲ್ಯಾಟ್ ಅಮ್ಮಾ?" ಎಂದ ವಾಚ್‌ಮನ್. ನಾನು ರಸ್ತೆ ದಾಟಿ ಹೋಗಿ, ಅವಳ ಕೈಯಿಂದ ಸೊಪ್ಪಿನ ಚೀಲ ತೆಗೆದುಕೊಂಡು ಪಕ್ಕದಲ್ಲಿ ನಿಂತೆ.

"ನಮ್ಮ ಅಡುಗೆಮನೆ ಎಲ್ಲಿತ್ತಕ್ಕಾ?" ಎಂದೆ. ನನಗೆ ಗೊತ್ತಿಲ್ಲದೆ ಏನು?

ಅವಳು ಗೇಟಿನ ಸರಳುಗಳ ನಡುವೆ ಕೈ ತೂರಿಸಿ, ಸ್ವಿಮ್ಮಿಂಗ್ ಪೂಲಿನ ಕಡೆ ಬೆರಳು ತೋರಿಸಿದಳು.