ನಾನು ತೊಳೆದ ಐದು ಸ್ಲೇಟುಗಳು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ಅಷ್ಟಕ್ಕಷ್ಟೇ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳ ಬರಹವಿದು, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಲ್ವಾರ್ ನದಿಯ ದಡದ ವೂವ್ರೆ ಊರಿನಲ್ಲಿ ಅನ್ಸೆಲ್ಮ್ ಮಾವ, ಅರ್ಮೆಲ್ ಅತ್ತೆಯ ದ್ರಾಕ್ಷಿತೋಟಕ್ಕೆ ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಭಾನುವಾರ ಅಮ್ಮ ಊಟಕ್ಕೆ ಬರುವವಳಿದ್ದಳು. ನಾನು ಉಪಯೋಗಕ್ಕೆ ಬಂದಿದ್ದರೆ ಇಲ್ಲೇ ವಾಸ, ಇಲ್ಲದಿದ್ದರೆ ಮತ್ತೆ ಶಾಲೆಯ ಬೆಂಚು! ಶನಿವಾರ ಬೆಳಿಗ್ಗೆ ಭೀಷಣ ಶಪಥ ಮಾಡಿದೆ: ಬಂಡೆ ಕೊರೆದ ನಮ್ಮ ವೈನಿನ ಗುಹೆಯನ್ನು ಅರಮನೆಯಂತೆ ಹೊಳೆಸುತ್ತೇನೆ!

ಒಳಗೆ ಐದು ರಾಶಿ ಬಾಟಲಿಗಳು. ತೇವಕ್ಕೆ ಕಾಗದ ಕೊಳೆಯುತ್ತದೆಂದು ಮಾರುವ ದಿನದವರೆಗೂ ಬಾಟಲಿಗೆ ಚೀಟಿ ಅಂಟಿಸುವುದಿಲ್ಲ. ರಾಶಿಗೊಂದು ಸ್ಲೇಟು ತೂಗುತ್ತಿತ್ತು, ಅದರ ತುಂಬ ಬೂಸ್ಟು. ಬೂಸ್ಟಿನ ಕೆಳಗೆ ಏನೋ ಬಿಳಿ ಗೀಚು. ಅದೂ ಕೊಳೆಯೇ ಎಂದು ತಿಳಿದು ಎರಡು ಸಲ ಸೋಪು ಹಾಕಿ ಉಜ್ಜಿದೆ. ಸ್ಲೇಟುಗಳು ಕನ್ನಡಿಯಾದವು!

ಮಾವ ಬಂದವರು ಅಲ್ಲೇ ಕಲ್ಲಾದರು.

"ಸೊಲೀನ್, ಬರೆದದ್ದೆಲ್ಲಿ ಹೋಯ್ತು ಮಗಳೇ?"

"ಬ... ಬರೆದದ್ದಿತ್ತಾ?"

"ಯಾವ ವರ್ಷದ್ದು, ಯಾವುದು ಸಿಹಿ, ಯಾವುದು ಸಪ್ಪೆ, ಎಲ್ಲಾ ಅಲ್ಲೇ ಇತ್ತಲ್ಲೇ! ಬಾಟಲಿ ಒಂದೇ ಥರ, ದ್ರಾಕ್ಷಿಯೂ ಒಂದೇ ಜಾತಿ, ಶೆನಾಂ!"

ನನ್ನ ಕಾಲ ಕೆಳಗಿನ ಗುಹೆಯೇ ಕುಸಿಯಿತು. ಅತ್ತೆ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತರು. "ಅಳಬೇಡ್ವೇ. ನಿಮ್ಮ ಮಾವ ಮೂಸಿ ನೋಡೇ ಹೇಳ್ತೀನಿ ಅಂತ ನಲವತ್ತು ವರ್ಷದಿಂದ ಕೊಚ್ಚಿಕೊಳ್ತಿದ್ದಾರೆ. ಹೇಳಲಿ ಈಗ!"

ರಾಶಿಗೊಂದರಂತೆ ಐದು ಬಾಟಲಿ ತೆರೆದರು. ಮಾವ ಮೊದಲನೆಯದನ್ನು ಮೂಸಿ, ಕಣ್ಣು ಮುಚ್ಚಿ, ಋಷಿಯಂತೆ ನುಡಿದರು: "ಹೋದ ವರ್ಷದ್ದು. ಸಪ್ಪೆ."

ಅತ್ತೆ ಕುಡಿದರು. "ಜೇನಿನ ಹಾಗಿದೆ! ಮೂಗಿಗೆ ನೆಗಡಿಯಾ?"

ಹೀಗೆ ಜಗಳವಾಡುತ್ತ ನಾಲ್ಕನ್ನು ಗುರುತಿಸಿದರು. ಐದನೆಯದನ್ನು ಇಬ್ಬರೂ ಕುಡಿದರು. ಮಾವ ಇನ್ನೊಂದು ಗುಟುಕು ಹಾಕಿದರು. "ಇಷ್ಟು ಚೆಂದದ್ದನ್ನ ನಾನು ಯಾವಾಗ ಮಾಡಿದೆ?"

ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ, ಹನ್ನೊಂದು ವರ್ಷದ ಹಿಂದೆ ಬರೀ ಹುಳಿ ಅಂತ ಬೈದು, 'ವಿನೆಗರ್‌ಗೆ' ಅಂತ ಬರೆದು ಮೂಲೆಗೆ ತಳ್ಳಿದ್ರಲ್ಲ, ಅದೇ ರೀ! ಸ್ಲೇಟಿನ ಮೇಲೆ ಅದು ಹಾಗೇ ಇದ್ದಿದ್ರೆ ಸಾಯೋವರೆಗೂ ಮುಟ್ತಿರಲಿಲ್ಲ ನೀವು!"

"ಶೆನಾಂ ಹಾಗೇನೇ," ಮಾವ ಗೊಣಗಿದರು. "ಎಳೇದ್ರಲ್ಲಿ ಮುಖ ಗಂಟು ಹಾಕ್ಕೊಂಡೇ ಇರುತ್ತೆ." ಅತ್ತೆ ಯಾಕೋ ನನ್ನತ್ತ ನೋಡಿದರು.

ಭಾನುವಾರ ಅಮ್ಮ ಬಂದಳು. "ನಾಲ್ಕು ಜನರ ಊಟಕ್ಕೆ ತೆರೆದ ಬಾಟಲಿ ಐದಾ?" ಎಂದಳು.

"ಅದು... ನಮ್ಮ ಮನೆ ಪದ್ಧತಿ," ಎಂದರು ಮಾವ. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ನನಗಾಗಿ ಆ ಇಬ್ಬರು ಸುಳ್ಳು ಹೇಳುತ್ತಿದ್ದರು! ಕೈಯಲ್ಲಿದ್ದ ಮೇಕೆಯ ಚೀಸನ್ನು ತಟ್ಟೆಗೆ ಹಾಕಿದೆ. ಎಲ್ಲವನ್ನೂ ಒಪ್ಪಿಕೊಂಡೆ. ಶಾಲೆಯ ಬೆಂಚು ಕಣ್ಣ ಮುಂದೆ ಕಟ್ಟಿತು.

ಅಮ್ಮ ಫೋರ್ಕು ಕೆಳಗಿಟ್ಟಳು. "ನೀನು ತೊಳೆದೆಯಾ? ಯಾರೂ ಹೇಳದೆ?"

"ಹೂಂ."

"ಸೋಪು ಹಾಕಿ?"

"ಎರಡು ಸಲ."

ಅಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. "ದಯವಿಟ್ಟು ಇವಳನ್ನ ಇಲ್ಲೇ ಇಟ್ಕೊಳ್ಳಿ! ನಮ್ಮನೇಲಿ ಹದಿನಾರು ವರ್ಷದಲ್ಲಿ ಒಂದು ಚಮಚ ತೊಳೆದವಳಲ್ಲ!"

ಮೂವರೂ ನಕ್ಕರು. ನನ್ನ ಕಿವಿ ಕೆಂಪಾಯಿತು. ಆದರೂ ಆ ಮೂವರ ಋಣವನ್ನು ನಾನು ಮರೆಯಲಾರೆ. ನಾಳೆ ಬೆಳಿಗ್ಗೆ ಏಳಕ್ಕೆ ಮಾವನ ಜೊತೆ ಬಳ್ಳಿಗಳನ್ನು ತಂತಿಗೆ ಕಟ್ಟಲು ಹೋಗುತ್ತೇನೆ.