ಗಾಢ ನೇರಳೆ

ಪ್ರಯೋಗಾಲಯದಲ್ಲಿ ಮೂವತ್ತೊಂದು ಜನರಿದ್ದರು. ಮೇಷ್ಟ್ರು ಮೂವತ್ತು ಜನರನ್ನು ಹದಿನೈದು ಜೋಡಿ ಮಾಡಿ, ಮೂವತ್ತೊಂದನೆಯವಳನ್ನು ಮೂಲೆಯ ನಲ್ಲಿ ತೊಟ್ಟಿಯ ಪಕ್ಕ ನಿಲ್ಲಿಸಿದರು. ಅದು ತರಗತಿಯ ಮೊದಲ ದಿನ. ಆರು ತಿಂಗಳು ಕಳೆದು ಪರೀಕ್ಷೆ ಬಂದಾಗಲೂ ಅವಳು ಅಲ್ಲೇ ನಿಂತಿದ್ದಳು.

ಅವಳಿಗೆ ನಲವತ್ತನಾಲ್ಕು ವರ್ಷ. ಮಿಕ್ಕವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು. ಅವಳಿಗೂ ಒಂದು ಹೆಸರು ಹಾಜರಿ ಪುಸ್ತಕದಲ್ಲಿತ್ತು, ಆದರೆ ಅದನ್ನು ಅಲ್ಲಿಂದ ಯಾರೂ ಹೊರಗೆ ತೆಗೆದಿರಲಿಲ್ಲ. ಮೇಷ್ಟ್ರು ‘ಮೂವತ್ತೊಂದು’ ಎನ್ನುತ್ತಿದ್ದರು, ಹುಡುಗರು ‘ಆಂಟಿ’ ಎನ್ನುತ್ತಿದ್ದರು. ಅದೂ ದಾರಿ ಬಿಡಿಸಿಕೊಳ್ಳಬೇಕಾದಾಗ ಮಾತ್ರ.

ಹತ್ತೊಂಬತ್ತು ವರ್ಷ ಅವಳು ಔಷಧಿ ಅಂಗಡಿಯೊಂದರ ಕಿಂಡಿಯ ಹಿಂದೆ ನಿಂತಿದ್ದಳು. ಕಿಂಡಿಯ ಗಾಜಿಗೆ ಕೆಮ್ಮು, ಹುಳುಕು ಹಲ್ಲು, ಉದುರುವ ಕೂದಲುಗಳ ಜಾಹೀರಾತು ಅಂಟಿಸಿ ಅಂಟಿಸಿ, ಕೊನೆಗೆ ಉಳಿದದ್ದು ಒಂದು ಕೈ ತೂರುವಷ್ಟು ಜಾಗ. ಹಾಗಾಗಿ ಅವಳ ಪಾಲಿಗೆ ಊರೆಂದರೆ ಕೈಗಳು. ನಡುಗುವ ಕೈ, ಮಸಿ ಮೆತ್ತಿದ ಕೈ, ಚೀಟಿಯನ್ನು ಬೆವರಲ್ಲಿ ನೆನೆಸಿ ಕೊಡುವ ಕೈ. ಮುಖಗಳ ಪರಿಚಯ ಅವಳಿಗೆ ಅಷ್ಟಕ್ಕಷ್ಟೆ. ಮನೆಯಲ್ಲಿ ಒಂದು ಗಡಿಯಾರವಿತ್ತು. ಅದು ಗಂಟೆಗೊಮ್ಮೆ ಮಾತಾಡುತ್ತಿತ್ತು. ಅಷ್ಟೆ.

ಈಗ ಹೊಸ ನಿಯಮ ಬಂದಿತ್ತು. ಡಿಪ್ಲೊಮಾ ಇಲ್ಲದವರು ಮಾತ್ರೆ ಮುಟ್ಟುವಂತಿಲ್ಲ. ಯಜಮಾನರು ಕರೆದು, “ಪಾಸಾದ್ರೆ ಕಿಂಡಿ ನಿಂದೇ ಕಣಮ್ಮಾ. ಫೇಲಾದ್ರೆ ನಾನೇನು ಮಾಡ್ಲಿ, ನೀನೇ ಹೇಳು” ಎಂದಿದ್ದರು. ಏನು ಮಾಡಬೇಕೆಂದು ಅವರು ಅವಳನ್ನು ಕೇಳಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಪರೀಕ್ಷೆಗೆ ಬಂದದ್ದು ಆಸ್ಪಿರಿನ್. ಸ್ಯಾಲಿಸಿಲಿಕ್ ಆಸಿಡ್ ಎಂಬ ಬಿಳಿ ಪುಡಿಯನ್ನು ತೂಗಿ, ಮೂಗು ಸುಡುವ ಇನ್ನೊಂದು ದ್ರವ ಸೇರಿಸಿ, ಬಿಸಿನೀರಿನಲ್ಲಿಟ್ಟು, ಆಮೇಲೆ ಐಸಿನಲ್ಲಿ ತಣಿಸಿ, ಸೋಸಿ, ಮತ್ತೆ ಕರಗಿಸಿ, ಮತ್ತೆ ಹರಳು ಕಟ್ಟಿಸಿ ಶುದ್ಧ ಮಾಡಬೇಕು. ಜೋಡಿ ಇದ್ದವರಿಗೆ ಇದು ನಿಂತಲ್ಲೇ ಆಗುವ ಕೆಲಸ: ಒಬ್ಬರು ಥರ್ಮಾಮೀಟರ್ ಹಿಡಿದರೆ ಇನ್ನೊಬ್ಬರು ಐಸ್ ತರುತ್ತಾರೆ. ಒಂಟಿಯಾದವರಿಗೆ ಇದು ಓಟದ ಪಂದ್ಯ.

ಬಿಳಿ ಪುಡಿಯ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಅವಳ ಮೂಗು ಒಮ್ಮೆ ನಿಂತಿತು. ಸಣ್ಣಗೆ ಹುಳಿ ವಾಸನೆ. ಅಂಗಡಿಯ ಹಿಂದಿನ ಕಪಾಟಿನಲ್ಲಿ ಮರೆತುಹೋದ ಆಸ್ಪಿರಿನ್ ಡಬ್ಬಿಗೆ ಇದೇ ವಾಸನೆ. ‘ನನ್ನ ಮೂಗಿಗೂ ಅಂಗಡಿಯದೇ ಧ್ಯಾನ’ ಎಂದುಕೊಂಡು ಎರಡು ಗ್ರಾಂ ತೂಗಿಕೊಂಡಳು.

ಬಿಸಿನೀರಿನ ಪಾತ್ರೆಯ ಉಷ್ಣ ಏರುತ್ತಿತ್ತು. ಐಸ್ ಡಬ್ಬ ಇದ್ದದ್ದು ಇನ್ನೊಂದು ತುದಿಯಲ್ಲಿ. ಪಕ್ಕದ ಮೇಜಿನ ಜೋಡಿಯಲ್ಲಿ ಒಬ್ಬನಿಗೆ ದಪ್ಪ ಕನ್ನಡಕ. ಅವನ ಜೊತೆಗಾತಿಯನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು.

“ಒಂದು ನಿಮಿಷ ಇದನ್ನ ನೋಡ್ಕೋತೀರಾಪ್ಪಾ? ಐಸ್ ತಂದುಬಿಡ್ತೀನಿ.”

“ನೋಡ್ತಾನೇ ಇದೀವಿ ಆಂಟಿ, ಹೋಗಿ ಬನ್ನಿ!” ಎಂದಳು ರೇಡಿಯೊ.

ಅವಳು ಓಡಿ ಬರುವಷ್ಟರಲ್ಲಿ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಇಬ್ಬರೂ ಕೈಕಟ್ಟಿ ಅದನ್ನೇ ನೋಡುತ್ತಿದ್ದರು.

“ಆಫ್ ಮಾಡ್ಬಾರ್ದಿತ್ತೇನಮ್ಮಾ?”

“ನೋಡ್ಕೊಳ್ಳಿ ಅಂದ್ರಿ, ಆಫ್ ಮಾಡಿ ಅಂದಿರಲಿಲ್ಲ.”

ಐಸ್ ಡಬ್ಬದಲ್ಲಿ ಅವಳಿಗೆ ಸಿಕ್ಕಿದ್ದು ಹದಿನೈದು ಜೋಡಿ ಬಳಸಿ ಬಿಟ್ಟ ನೀರು ಮತ್ತು ಬೆರಳುಗುರಿನಷ್ಟು ಒಂದು ಚೂರು. ಅದರಲ್ಲಿ ಪಾತ್ರೆ ಇಟ್ಟು ಕಾದಳು. ದ್ರಾವಣ ಹೊಸ ನೆಂಟರ ಮನೆಗೆ ಬಂದ ಮಗುವಿನ ಹಾಗೆ ತೆಪ್ಪಗೆ ಕೂತಿತ್ತು. ಹರಳು ಬರಲಿಲ್ಲ.

“ಗಾಜಿನ ಕಡ್ಡಿಯಿಂದ ಒಳಗಡೆ ಗೀರಿ ಆಂಟಿ,” ಎಂದ ಕನ್ನಡಕ.

“ಜೋರಾಗಿ ಗೀರಿ,” ಎಂದಿತು ಮುಂದಿನ ಮೇಜು.

“ಅಷ್ಟು ಜೋರಾಗಿ ಬೇಡ, ಒಡೆಯುತ್ತೆ,” ಎಂದಿತು ಹಿಂದಿನದು.

ಸಲಹೆ ಕೊಡಲು ಮೂವತ್ತು ಬಾಯಿ, ಪಾತ್ರೆ ಹಿಡಿಯಲು ಒಂದು ಕೈ ಇಲ್ಲ. ಅವಳು ಗೀರಿದಳು. ಕಿರ್ರೆಂದಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾಲ್ಕನೆಯ ಗೀರಿಗೆ ಇದ್ದಕ್ಕಿದ್ದಂತೆ ಪಾತ್ರೆಯ ತುಂಬ ಬೆಳ್ಳನೆಯ ಸೂಜಿಗಳು ಮೂಡಿದವು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ತೋರಿಸಲು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ನಲ್ಲಿ ಇತ್ತು.

ಉಳಿದದ್ದು ಕೊನೆಯ ಪರೀಕ್ಷೆ. ಸ್ಯಾಲಿಸಿಲಿಕ್ ಆಸಿಡ್ ಇರುವ ಕಡೆ ಫೆರಿಕ್ ಕ್ಲೋರೈಡಿನ ಒಂದು ಹನಿ ಬಿದ್ದರೆ ಗಾಢ ನೇರಳೆ. ಅದೆಲ್ಲ ಆಸ್ಪಿರಿನ್ ಆಗಿಬಿಟ್ಟಿದ್ದರೆ ನೇರಳೆ ಬರುವುದಿಲ್ಲ, ಹನಿಯ ಹಳದಿಯೇ ಉಳಿಯುತ್ತದೆ. ಅದಕ್ಕೆ ಎರಡು ಗಾಜಿನ ಕೊಳವೆ. ಮೊದಲನೆಯದಕ್ಕೆ ಬಾಟಲಿಯ ಪುಡಿ, ಎರಡನೆಯದಕ್ಕೆ ತಾನು ಮಾಡಿದ ಹರಳು. ಒಂದು ನೇರಳೆ, ಒಂದು ಹಳದಿ ಎಂದು ಬರೆದರೆ ಪಾಸು.

ಇಡೀ ಪ್ರಯೋಗಾಲಯಕ್ಕೆ ಫೆರಿಕ್ ಕ್ಲೋರೈಡ್ ಬಾಟಲಿ ಇದ್ದದ್ದು ಒಂದೇ. ಅದರ ಮುಚ್ಚಳ ಕಂದು ಹಕ್ಕಳೆಗಟ್ಟಿ ಕಚ್ಚಿಕೊಂಡಿತ್ತು. ಬಿಸಿನೀರಿಗೆ ಹಿಡಿದಳು, ಬಟ್ಟೆ ಸುತ್ತಿ ತಿರುಗಿಸಿದಳು, ಕೊನೆಗೆ ಇಕ್ಕಳ ಹಾಕಿ ಎಳೆದಳು. ಮುಚ್ಚಳ ಹಾರಿತು. ಅರ್ಧ ಬಾಟಲಿ ಅವಳ ಬಿಳಿ ಕೋಟಿನ ಮೇಲೆ ತುಕ್ಕಿನ ಬಣ್ಣದ ಭೂಪಟವಾಯಿತು. ಮೂವತ್ತು ಜನ ನಕ್ಕರು. ಉಳಿದರ್ಧದಲ್ಲಿ ಎರಡು ಹನಿ ಹಾಕಿದಳು.

ಎರಡನೆಯ ಕೊಳವೆ ಹಳದಿ. ಮೊದಲನೆಯದೂ ಹಳದಿ. ತೀರಾ ಬಗ್ಗಿ ನೋಡಿದರೆ, ಶಾಯಿ ಪೆನ್ನು ತೊಳೆದ ಕೊನೆಯ ನೀರಿನಷ್ಟು ಮಬ್ಬು. ಅಷ್ಟೆ.

ಮತ್ತೆ ಮಾಡಿದಳು. ಮತ್ತೆ ಹಳದಿ. ಮೂಗು ಬೆಳಿಗ್ಗೆಯೇ ಹೇಳಿತ್ತು, ಅವಳೇ ನಂಬಿರಲಿಲ್ಲ.

ಮೇಷ್ಟ್ರಿಗೆ ಅವಳಿಗಿಂತ ಹದಿನಾಲ್ಕು ವರ್ಷ ಕಮ್ಮಿ. ಮೇಜಿನ ಹಿಂದೆ ಕೂತಾಗ ಮಾತ್ರ ಹತ್ತು ವರ್ಷ ಹೆಚ್ಚಾಗುತ್ತಿತ್ತು.

“ಸರ್, ಆ ಬಾಟಲಿಯಲ್ಲಿ ಇರೋದು ಸ್ಯಾಲಿಸಿಲಿಕ್ ಅಲ್ಲ. ಆಸ್ಪಿರಿನ್ನೇ.”

“ಅಂದ್ರೆ ನೀವು ಆಸ್ಪಿರಿನ್ನಿಂದ ಆಸ್ಪಿರಿನ್ ಮಾಡಿದ್ರಿ?”

“ನಾನಷ್ಟೇ ಅಲ್ಲ ಸರ್. ಎಲ್ಲರೂ.”

ಮೇಷ್ಟ್ರು ಹದಿನೈದು ಜೋಡಿಗಳ ಪುಸ್ತಕಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದರು. ಗಾಢ ನೇರಳೆ. ಗಾಢ ನೇರಳೆ. ಕಡು ನೇರಳೆ. ರೇಡಿಯೊಳ ಪುಸ್ತಕದಲ್ಲಿ ‘ಅತ್ಯಂತ ಮನೋಹರವಾದ ನೇರಳೆ’.

“ನೋಡಿದ್ರಾ ಅಮ್ಮಾ? ಮೂವತ್ತು ಜನರ ಕಣ್ಣು ಸುಳ್ಳು, ನಿಮ್ಮದು ನಿಜ?”

“ಅವರು ಕಣ್ಣು ಬಿಟ್ಟೇ ಇಲ್ಲ ಸರ್. ಫೆರಿಕ್ ಕ್ಲೋರೈಡ್ ಬಾಟಲಿ ಇರೋದು ಒಂದೇ. ಅದರ ಮುಚ್ಚಳ ತೆಗೆದಿದ್ದು ನಾನು, ಈಗ ಹತ್ತು ನಿಮಿಷದ ಕೆಳಗೆ.” ಅವಳು ಕೋಟಿನ ಭೂಪಟ ತೋರಿಸಿದಳು.

ಮೂವತ್ತು ಜನರ ನಗು ನಲ್ಲಿ ತಿರುಗಿಸಿದಂತೆ ನಿಂತಿತು. ಎಲ್ಲರಿಗೂ ಏಕಕಾಲಕ್ಕೆ ತಮ್ಮ ತಮ್ಮ ಶೂ ನೋಡಬೇಕೆನ್ನಿಸಿತು.

ಮೇಷ್ಟ್ರು ದನಿ ತಗ್ಗಿಸಿದರು. “ನಿಮಗೆ ಪಾಸಾಗೋದು ಮುಖ್ಯ ತಾನೇ? ಮೊದಲನೆಯದು ಗಾಢ ನೇರಳೆ ಅಂತ ಬರೀರಿ, ಮನೆಗೆ ಹೋಗಿ.”

“ನಾನು ನೋಡಿದ್ದು ಹಳದಿ ಸರ್.”

“ಬಾಟಲಿಯಲ್ಲಿ ಆಸ್ಪಿರಿನ್ ಇದೆ ಅನ್ನೋದಕ್ಕೆ ಸಾಕ್ಷಿ ತನ್ನಿ. ಕಾಲು ಗಂಟೆ ಟೈಮು. ಆಮೇಲೆ ನಾನು ಸೊನ್ನೆ ಹಾಕ್ತೀನಿ.”

ಸಾಕ್ಷಿ ಇದ್ದರೆ ಬಾಟಲಿ ತುಂಬಿದವನ ಹತ್ತಿರ. ಅವಳು ಹಿಂದಿನ ಸ್ಟೋರ್ ರೂಮಿಗೆ ಹೋದಳು. ಅಲ್ಲಿದ್ದವನನ್ನು ಎಲ್ಲರೂ ಸ್ಟೋರ್ ತಾತ ಎನ್ನುತ್ತಿದ್ದರು. ಮೊಣಕೈವರೆಗೆ ಕಪ್ಪು ರಬ್ಬರ್ ಗ್ಲೌಸ್ ಹಾಕಿಕೊಂಡು, ಸದ್ದಿಲ್ಲದೆ ಬಾಟಲಿ ಇಟ್ಟು ಬಾಟಲಿ ಒಯ್ಯುವ ಮನುಷ್ಯ. ಆರು ತಿಂಗಳಲ್ಲಿ ಅವನೂ ಅವಳೂ ಒಂದು ಮಾತಾಡಿರಲಿಲ್ಲ. ಅವನೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ, ಅವಳೊಂದಿಗೂ ಅಷ್ಟೆ.

“ಅಣ್ಣಾ, ಸ್ಯಾಲಿಸಿಲಿಕ್ ಬಾಟಲಿಗೆ ಏನು ತುಂಬಿದ್ರಿ?”

ತಾತ ಬಾಗಿಲ ಕಡೆ ನೋಡಿದ. “ಸ್ಯಾಲಿಸಿಲಿಕ್ ಕೊಟ್ಟಿದ್ರೆ ಸ್ಯಾಲಿಸಿಲಿಕ್ಕೇ ತುಂಬ್ತಿದ್ದೆ. ನಾಲ್ಕು ವರ್ಷ ಆಯ್ತು ಅದು ಬಂದು. ಬೇಕು ಅಂತ ಬರೆದು ಕಳಿಸ್ತೀನಿ, ಇದ್ದಿದ್ರಲ್ಲೇ ಸರಿದೂಗಿಸು ಅಂತ ವಾಪಸ್ ಬರುತ್ತೆ. ಸರಿದೂಗಿಸ್ತೀನಿ.”

“ಹೇಗೆ?”

“ಪರೀಕ್ಷೆ ಮುಗಿದ ಮೇಲೆ ನೀವೆಲ್ಲ ಆಸ್ಪಿರಿನ್ ಪೊಟ್ಟಣ ಕೊಟ್ಟು ಹೋಗ್ತೀರಲ್ಲ, ಅದನ್ನ ಒಣಗಿಸಿ ಬಾಟಲಿಗೆ ಹಾಕ್ತೀನಿ. ಮುಂದಿನ ವರ್ಷದವರು ಅದನ್ನೇ ಮತ್ತೆ ತಯಾರು ಮಾಡ್ತಾರೆ.”

ಈ ಕಟ್ಟಡದಲ್ಲಿ ನಾಲ್ಕು ವರ್ಷ ಸತತವಾಗಿ ಪಾಸಾದದ್ದು ಆ ಪುಡಿಯೊಂದೇ ಎಂದು ಅವಳಿಗೆ ಹೊಳೆಯಿತು.

“ಸೋಸೋವಾಗ ಅಷ್ಟಷ್ಟು ಕಮ್ಮಿ ಆಗಲ್ವೇ ಅಣ್ಣಾ?”

“ಆಗುತ್ತೆ. ಅದಕ್ಕೆ ಅಂಗಡಿ ಮಾತ್ರೆ ತಂದು, ಕುಟ್ಟಿ, ಬಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿ, ಸೋಸಿ, ಹರಳು ಕಟ್ಟಿಸಿ ಸೇರಿಸ್ತೀನಿ.” ತಾತನ ಬೆನ್ನು ತುಸು ನೆಟ್ಟಗಾಯಿತು. “ಇಲ್ಲಿ ನಿಜವಾಗಿ ಶುದ್ಧ ಮಾಡೋದು ಅಂತಿದ್ರೆ ಅದು ನಾನೊಬ್ನೇ. ಬೇಕಿದ್ರೆ ಮಾತ್ರೆ ಬಾಕ್ಸಿನ ರಟ್ಟು ತೋರಿಸ್ತೀನಿ. ಎಲ್ಲ ಇಟ್ಟಿದೀನಿ.”

ಡ್ರಾಯರಿನ ಪುಟ್ಟ ಬೀಗ ತೆಗೆಯಲು ಅವನು ಗ್ಲೌಸ್ ಕಳಚಿದ.

ಹೆಬ್ಬೆರಳಿನ ಉಗುರು ಆಸಿಡ್ಡಿಗೆ ಹಳದಿಯಾಗಿ ನಡುವೆ ಸೀಳಿತ್ತು. ಅವಳು ಆ ಕೈಯನ್ನು ನೋಡಿದಳು. ಕಿಂಡಿಯಲ್ಲಿ ಮುಖ ಕಂಡಿರಲಿಲ್ಲ. ಕೈ ನಾಲ್ಕು ವರ್ಷದಿಂದ ಗೊತ್ತಿತ್ತು.

ಅಂಗಡಿಯಲ್ಲಿ ಒಬ್ಬರಿಗೆ ಒಂದು ಸ್ಟ್ರಿಪ್ಪಿಗಿಂತ ಹೆಚ್ಚು ಆಸ್ಪಿರಿನ್ ಕೊಡಬಾರದೆಂದು ದೊಡ್ಡ ಅಕ್ಷರದ ಬೋರ್ಡಿತ್ತು. ಈ ಕೈ ಬಂದಾಗ ಮಾತ್ರ ಅವಳು ಇಡೀ ಬಾಕ್ಸ್ ಕೊಡುತ್ತಿದ್ದಳು. ಯಾಕೆಂದರೆ ಕೈಯ ಹಿಂದಿನ ದನಿ, “ಮನೆ ತುಂಬ ಜನ ತಾಯಿ, ಎಲ್ಲರಿಗೂ ತಲೆನೋವು” ಎನ್ನುತ್ತಿತ್ತು. ಆ ತುಂಬಿದ ಮನೆಯನ್ನು ನೆನೆದು ಅವಳು ಎಷ್ಟೋ ಸಂಜೆ ಹೊಟ್ಟೆಕಿಚ್ಚುಪಟ್ಟಿದ್ದಳು. ಪ್ರತಿ ಬಾಕ್ಸಿನ ಮೇಲೂ ಕೈಯಾರೆ ಒಂದೆರಡು ಸಾಲು ಬರೆದುಕೊಡುತ್ತಿದ್ದಳು.

ಡ್ರಾಯರಿನಲ್ಲಿ ಒಂಬತ್ತು ರಟ್ಟುಗಳು ಅಂಚಿಗೆ ಅಂಚು ಸೇರಿಸಿ ಜೋಡಿಸಿದ್ದವು. ಒಂಬತ್ತರ ಮೇಲೂ ಅವಳ ಅಕ್ಷರ.

“ಊಟ ಆದ ಮೇಲೆ ತಗೊಳ್ಳಿ,” ಎಂದಳು ಅವಳು, ತನಗೇ ತಿಳಿಯದೆ, ಕಿಂಡಿಯ ದನಿಯಲ್ಲಿ. “ಖಾಲಿ ಹೊಟ್ಟೆಗೆ ಬೇಡ. ಎಲ್ಲರೂ ಬೇಗ ಹುಷಾರಾಗಿ.”

ತಾತನ ಕೈಯಿಂದ ಬೀಗದಕೈ ಜಾರಿತು. ಕಿಂಡಿಯ ಆ ದನಿಯನ್ನು ಈ ಕಟ್ಟಡದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ.

“ಮನೆ ತುಂಬ ಜನ ಅಂದಿದ್ರಲ್ಲಣ್ಣಾ?”

“ಇದೀರಲ್ಲಮ್ಮಾ. ಮೂವತ್ತು ಜನ.” ಆಮೇಲೆ ತಿದ್ದಿದ. “ಮೂವತ್ತೊಂದು.”

ಅಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿದ್ದರು. ಮಾತೆಲ್ಲ ಕೇಳಿಸಿಕೊಂಡಿದ್ದರು. ಒಂದು ರಟ್ಟು ಎತ್ತಿ ಅಂಗಡಿಯ ಮೊಹರು, ಅಕ್ಷರ ನೋಡಿದರು, ಅವಳ ಪುಸ್ತಕ ಬಿಚ್ಚಿ ಅಕ್ಷರ ನೋಡಿದರು. ಅವರ ಮುಖದ ಮೇಲೆ ಆ ದಿನದ ಮೊದಲ ನಗು ಶುದ್ಧ ಹರಳಿನಂತೆ ಮೂಡಿತು.

“ಭೇಷ್! ಸಾಕ್ಷಿ ಸಿಕ್ತಲ್ಲ. ಡಿಪ್ಲೊಮಾ ಇಲ್ಲದೆ, ಒಬ್ಬನಿಗೇ, ಬಾಕ್ಸ್ ಬಾಕ್ಸ್ ಮಾತ್ರೆ. ಸ್ವಂತ ಅಕ್ಷರದಲ್ಲಿ ಬರೆದುಕೊಟ್ಟಿದ್ದೀರಿ. ಇದು ನಿಮ್ಮ ಯಜಮಾನರ ಕೈಗೆ ಹೋದ್ರೆ ಪರೀಕ್ಷೆ ಪಾಸಾಗಿ ಏನು ಮಾಡ್ತೀರಮ್ಮಾ?”

ಅವಳು ರಟ್ಟುಗಳನ್ನು ನೋಡಿದಳು. ಬಾಟಲಿಯಲ್ಲಿರುವುದು ಆಸ್ಪಿರಿನ್ ಎಂದು ತೋರಿಸುವ ಕಾಗದವಿದ್ದದ್ದು ಇಡೀ ಲೋಕದಲ್ಲಿ ಇದೊಂದೇ. ಅದನ್ನು ಬರೆದು ಕೊಟ್ಟವಳು ಅವಳೇ.

“ನಾನೇನು ಕಟುಕ ಅಲ್ಲ,” ಎಂದರು ಮೇಷ್ಟ್ರು, ಪುಸ್ತಕವನ್ನೂ ಪೆನ್ನನ್ನೂ ಅವಳ ಮುಂದಿಟ್ಟು. “ನೀವು ಗಾಢ ನೇರಳೆ ಅಂತ ಬರೀರಿ. ಇವನು ಈ ರಟ್ಟು ಹರಿದು ತೊಟ್ಟಿಗೆ ಹಾಕ್ತಾನೆ. ನಿಮಗೆ ಕಿಂಡಿ, ನನಗೆ ನೆಮ್ಮದಿ, ಇವನಿಗೆ ಕೆಲಸ. ಮುಗೀತು.”

ಅವಳು ಕಿಂಡಿಯನ್ನು ನೆನೆದಳು. ಬರುವ ಹೋಗುವ ಕೈಗಳನ್ನು ನೆನೆದಳು. ಮನೆಯ ಗಡಿಯಾರವನ್ನು ನೆನೆದಳು. ಪೆನ್ನು ಎತ್ತಿಕೊಂಡು ‘ಗಾಢ’ ಎಂದು ಬರೆದಳು. ಅಕ್ಷರ ಸೊಟ್ಟಗೆ ಬಂತು.

“ಹ್ಞಾಂ, ಹಾಗೆ. ತಾತಾ, ನೀನು ಅವನ್ನ ಹರಿದುಹಾಕು.”

ತಾತ ಒಂಬತ್ತು ರಟ್ಟುಗಳನ್ನು ಎತ್ತಿಕೊಂಡ. ಅಂಚು ಸರಿಮಾಡಿದ. ಮೇಲಿನದರ ಧೂಳನ್ನು ಬರಿಗೈಯಿಂದ ಒರೆಸಿದ. ಆಮೇಲೆ ಎಲ್ಲವನ್ನೂ ಎದೆಗೆ ಒತ್ತಿ ಹಿಡಿದುಕೊಂಡ.

“ಆಗಲ್ಲ ಸರ್.”

“ಏನು ಆಗಲ್ಲ?”

“ಹರಿಯೋಕಾಗಲ್ಲ. ಕೆಲಸ ಬೇಕಾದ್ರೆ ತಗೊಳ್ಳಿ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನನಗೆ ಅಂತ ಯಾರಾದ್ರೂ ಬರೆದಿದ್ದು ಅಂದ್ರೆ ಇದೇ.”

ಮೇಷ್ಟ್ರು ಅವಳ ಕಡೆ ತಿರುಗಿದರು. “ನೀವಾದ್ರೂ ಹೇಳೀಮ್ಮಾ ಇವನಿಗೆ! ಅದು ಉಳಿದ್ರೆ ಮುಳುಗೋದು ನೀವೇ. ಹ್ಞೂಂ, ನೀವು ಬರೆದು ಮುಗಿಸಿ ಮೊದಲು.”

ಅವಳು ‘ಗಾಢ’ದ ಮೇಲೆ ಒಂದು ಗೀಟು ಎಳೆದಳು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಹೋಗಿ ತಾತನ ಪಕ್ಕ ನಿಂತಳು.

“ನನ್ನ ಕೈಲೂ ಆಗಲ್ಲ ಸರ್.”